ನಮ್ಮ ಬಬ್ಬೂರಿನ ಎರೆಮಣ್ಣು

ಎರೆ ಹೊಲದ ಮನೆಗೆ ಹೆಣ್ಣು ಕೊಟ್ರೆ ಅನ್ನಕ್ಕೆ ಬರ ಇಲ್ಲ, ಕಾಲು ತೊಳೆಯೋ ಕೆಲಸ ಮುಗಿಯಲ್ಲ ಅಂತ ನಮ್ಮ ತವರಲ್ಲಿ ನಗಾಡ್ತಿದ್ರು. ನನ್ನ ತವರು ಹೊಸದುರ್ಗದ ಕಡೆ, ಕೆಂಪು ನೆಲದ ಊರು. ಅಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಅಂಗಳ ಗುಡಿಸಿ ರಂಗೋಲಿ ಬಿಡಬಹುದು. ಬಬ್ಬೂರಿಗೆ ಬಂದ ಮೊದಲನೇ ಮಳೆಗಾಲ ಬುತ್ತಿ ತಗೊಂಡು ಹೊಲಕ್ಕೆ ಹೋದೆ ನೋಡ್ರಿ, ಹತ್ತು ಹೆಜ್ಜೆ ಇಡೋದ್ರಲ್ಲಿ ಒಂದೊಂದು ಕಾಲಿಗೂ ಎರಡೆರಡು ಸೇರು ಮಣ್ಣು ಮೆತ್ಕೊಂಡು ಕಾಲೇ ಎತ್ತೋಕಾಗ್ಲಿಲ್ಲ. "ಚಪ್ಪಲಿ ಕೈಯಾಗೆ ಹಿಡ್ಕೊಂಡು ಬದುವಿನ ಹುಲ್ಲಿನ ಮೇಲೆ ಬಾರವ್ವ" ಅಂತ ನಮ್ಮತ್ತೆ ದೂರದಿಂದ ಕೂಗಿದ್ರು. ಆ ಮಣ್ಣಿನ ಜೊತೆ ಮೂವತ್ತು ವರ್ಷದ ಮೇಲಾಯ್ತು.

ಈಗ ಯಾಕೆ ಬರೀತಿದೀನಿ ಅಂದ್ರೆ, ಈ ಎರಡು ಮೂರು ವರ್ಷದಿಂದ ನಮ್ಮ ಬಂಧು ಬಳಗದಲ್ಲಿ ಯಾರ ಮನೆಗೆ ಹೋದ್ರೂ ಒಂದೇ ಮಾತು. ಡ್ಯಾಂ ತುಂಬೈತೆ, ಅಡಿಕೆ ಹಾಕೋಣ. ನಮ್ಮನೇಲೂ ಅದೇ. ನಮ್ಮ ಮೈದುನನ ಮಗ ನಾಲೆ ಕೆಳಗಿನ ನಾಲ್ಕೆಕರೆ ಎರೆ ಹೊಲಕ್ಕೆ ಪೂರ್ತಿ ಅಡಿಕೆ ಸಸಿ ಇಡಬೇಕು ಅಂತ ಹಟ ಹಿಡಿದಿದಾನೆ. ಅದಕ್ಕೆ ಬೇಕಾಗೋ ದುಡ್ಡಿಗೆ ನನ್ನ ಓರಗಿತ್ತಿ ಸರದ ಮೇಲೆ ಕಣ್ಣು ಬಿದ್ದೈತೆ. ಗಂಡಸರು ಕೂತ್ಕೊಂಡ್ರೆ ನೀರಿನ ಲೆಕ್ಕ ಮಾತಾಡ್ತಾರೆ, ಅಡಿಕೆ ರೇಟು ಮಾತಾಡ್ತಾರೆ. ಕಾಲ ಕೆಳಗಿನ ಮಣ್ಣು ಎಂಥದು, ಅದು ಏನು ತಡ್ಕೊಳ್ತೈತೆ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲ್ಲ. ಹಂಗಾಗಿ ನಾನೇ ಕೇಳಿದ್ದು, ಓದಿದ್ದು, ನೋಡಿದ್ದು ಎಲ್ಲ ಸೇರಿಸಿ ಬರೀತಿದೀನಿ.

ಮೊದಲು ನೆಲದ ಸ್ವರೂಪ ಹೇಳ್ತೀನಿ. ಪಶ್ಚಿಮದ ಕಡೆ ಮಾರಿಕಣಿವೆ ಗುಡ್ಡಗಳು. ಎರಡು ಗುಡ್ಡದ ನಡುವೆ ವೇದಾವತಿ ನುಗ್ಗಿ ಬರೋ ಜಾಗಕ್ಕೇ 1898ರಲ್ಲಿ ಕಟ್ಟೆ ಕಟ್ಟೋಕೆ ಶುರು ಮಾಡಿ 1907ಕ್ಕೆ ಮುಗಿಸಿದ್ರು. ಆಗ ಮೈಸೂರು ಆಳ್ತಿದ್ದೋರು ರಾಣಿ, ಮಗ ಚಿಕ್ಕವನು ಅಂತ ರೀಜೆಂಟ್ ಆಗಿದ್ದ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅವರ ಹೆಸರೇ ವಾಣಿವಿಲಾಸ ಸಾಗರ. ನಾವು ಮಾತ್ರ ಇವತ್ತಿಗೂ ಮಾರಿಕಣಿವೆ ಅಂತೀವಿ. ಗುಡ್ಡದ ನೆತ್ತಿ ಮೇಲೆ ಮಣ್ಣೇ ಇಲ್ಲ, ಕಲ್ಲು, ಜಾಲಿ, ಬಾದೆ ಹುಲ್ಲು. ಸ್ವಲ್ಪ ಇಳಿದ್ರೆ ಗರಸು. ಇನ್ನೂ ಇಳಿದ್ರೆ ಕೆಂಪು ಮಣ್ಣು, ಆಮೇಲೆ ಕೆಂಪೂ ಅಲ್ಲದ ಕಪ್ಪೂ ಅಲ್ಲದ ಮಸಾರಿ. ಹೊಳೆ ಹತ್ರ ಬರ್ತಾ ಬರ್ತಾ ನೆಲ ತಟ್ಟೆ ಹಂಗೆ ಸಮ ಆಗ್ತೈತೆ, ಅಲ್ಲಿಂದ ಶುರು ಎರೆ. ಬಬ್ಬೂರು ಇರೋದು ಹಂಗೆ ಎರೆ ಹರಡ್ಕೊಂಡಿರೋ ಕಡೆ. ನಮ್ಮೂರಿನ ಹೆಸರು ಬಬ್ಬೂರುಕಮ್ಮೆ ಅನ್ನೋ ಬ್ರಾಹ್ಮಣರ ಪಂಗಡಕ್ಕೂ ಐತೆ, ಇಲ್ಲಿಂದ ಹೋದೋರು ಅಂತ ಹೇಳ್ತಾರೆ. ಆದ್ರೆ ಹೊರಗಿನೋರಿಗೆ ಬಬ್ಬೂರು ಅಂದ್ರೆ ಫಾರಂ. ಬಸ್ಸಿನಲ್ಲೂ "ಬಬ್ಬೂರು ಫಾರಂ ಯಾರ್ರೀ ಇಳಿಯೋದು" ಅಂತಲೇ ಕೂಗೋದು. ಈಗ ಅದು ಶಿವಮೊಗ್ಗದ ಕೃಷಿ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರೈತೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ.

ಎರೆಮಣ್ಣು ಅಂದ ತಕ್ಷಣ ಶಾಲೆ ಪುಸ್ತಕದಲ್ಲಿ ಜ್ವಾಲಾಮುಖಿ ಕಲ್ಲು ಕರಗಿ ಆದದ್ದು ಅಂತ ಓದಿರ್ತೀವಿ. ವಿಜಯಪುರ, ಕಲಬುರಗಿ ಕಡೆಗೆ ಆ ಮಾತು ಸರಿ, ಅಲ್ಲಿ ನೆಲದ ಕೆಳಗೆ ಇರೋದು ಸುಮಾರು ಆರೂವರೆ ಕೋಟಿ ವರ್ಷದ ಕಪ್ಪು ಕಲ್ಲು. ನಮ್ಮ ಚಿತ್ರದುರ್ಗದ ಕಲ್ಲಿನ ಸಾಲು ಅದಕ್ಕಿಂತ ಎಷ್ಟೋ ಹಿರೀದು, ಇನ್ನೂರೈವತ್ತು ಕೋಟಿ ವರ್ಷ ದಾಟಿದ್ದು. ಮರಡಿಹಳ್ಳಿ ಹತ್ರ ದಿಂಬು ಜೋಡಿಸಿಟ್ಟಂಗೆ ಇರೋ ಕಲ್ಲು ನೋಡಿದೀರಾ? ನೀರಿನೊಳಗೆ ಲಾವಾ ಉಕ್ಕಿ ತಣ್ಣಗಾಗಿ ಆ ಆಕಾರ ಬಂದೈತೆ, ಸರ್ಕಾರದೋರು ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಮಾಡಿದಾರೆ. ಅಂಥ ಹಳೇ ಕಲ್ಲುಗಳು ಪುಡಿಯಾಗಿ, ಅದರ ಸುಣ್ಣ, ಮೆಗ್ನೀಷಿಯ ಎಲ್ಲ ಮಳೆ ನೀರಲ್ಲಿ ಇಳಿದು ಬಂದು ತಗ್ಗಿನಲ್ಲಿ ನಿಂತಿದ್ದೇ ನಮ್ಮ ಎರೆ. ಮಲೆನಾಡಿನ ಹಂಗೆ ಜೋರು ಮಳೆ ಇದ್ದಿದ್ರೆ ಆ ಸುಣ್ಣ ಎಲ್ಲ ತೊಳ್ಕೊಂಡು ಹೋಗಿ ನೆಲ ಕೆಂಪಾಗಿರೋದು. ನಮಗೆ ವರ್ಷಕ್ಕೆ ಐದಾರು ನೂರು ಮಿ.ಮೀ. ಮಳೆ ಬಿದ್ರೆ ಪುಣ್ಯ. ತೊಳೆದು ಹೋಗೋ ಅಷ್ಟು ನೀರಿಲ್ಲ, ಅದಕ್ಕೇ ಉಳ್ಕೊಂಡೈತೆ. ಈ "ಉಳ್ಕೊಂಡೈತೆ" ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗ್ತೈತೆ.

ನಮ್ಮ ಪಕ್ಕದ ತೆಲುಗಿನೋರು ಇದನ್ನ ರೇಗಡಿ ಅಂತಾರೆ. ಇಂಗ್ಲಿಷಿನೋರು ಅದೇ ಮಾತನ್ನ ರೇಗರ್ ಅಂತ ತಿರುಚಿ ಪುಸ್ತಕಕ್ಕೆ ಹಾಕ್ಕೊಂಡ್ರು. ಹತ್ತಿ ಬೆಳೆಯೋ ಮಣ್ಣು ಅಂತ ಹತ್ತಿಮಣ್ಣು ಅಂತಲೂ ಅಂತಾರೆ.

ಎರೆ ಕಪ್ಪಗಿದೆ ಅಂತ ಗೊಬ್ಬರ ತುಂಬ್ಕೊಂಡಿದೆ ಅಂದ್ಕೋಬೇಡಿ. ನಾನೂ ಹಂಗೇ ತಿಳಿದಿದ್ದೆ, ಎಲ್ರೂ ತಿಳಿಯೋದು ಹಂಗೇ. ಅದರಲ್ಲಿ ಕೊಳೆತ ಸೊಪ್ಪು ಸದೆ ಅಂಶ ಕಡಿಮೆನೇ. ಇರೋ ಸ್ವಲ್ಪವೇ ಜೇಡಿಗೆ ಗಟ್ಟಿಯಾಗಿ ಹತ್ಕೊಂಡು ಆ ಬಣ್ಣ ಕೊಟ್ಟೈತೆ. ಜೇಡಿ ಅಂದ್ರೆ ಎಷ್ಟು ನಯ ಅಂದ್ರೆ ಒಂದು ಮಿ.ಮೀ.ನ ಐನೂರು ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣ ಕಣ. ಎರೆಯಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಇಂಥ ಜೇಡಿನೇ. ಮನೇಲೇ ನೋಡಬಹುದು. ಒಂದು ಹಿಡಿ ಮಣ್ಣು ತಗೊಂಡು ಹಪ್ಪಳದ ಹಿಟ್ಟಿನ ಹಂಗೆ ನೀರು ಹಾಕಿ ನಾದಿ, ಅಂಗೈಯಲ್ಲಿ ಹೊಸೀರಿ. ಕೆಂಪು ಮಣ್ಣು ಚಕ್ಕುಲಿ ಹಿಟ್ಟಿಗೆ ಎಣ್ಣೆ ಜಾಸ್ತಿ ಆದಂಗೆ ಮುರಿದು ಮುರಿದು ಬೀಳ್ತೈತೆ. ಎರೆ ಮಾತ್ರ ಶ್ಯಾವಿಗೆ ಎಳೆ ಹಂಗೆ ಉದ್ದಕ್ಕೆ ಬರ್ತೈತೆ, ಸುತ್ತಿ ಬಳೆ ಮಾಡಿದ್ರೂ ಬಿರಿಯಲ್ಲ.

ಆ ಜೇಡಿಯ ಒಳಗಿನ ಕಟ್ಟು ಚಿರೋಟಿ ಇದ್ದಂಗೆ. ಪದರದ ಮೇಲೆ ಪದರ. ನೀರು ಬಿದ್ರೆ ಪದರದ ನಡುವೆ ನುಗ್ಗಿ ಒಂದೊಂದನ್ನೂ ದೂರ ತಳ್ತೈತೆ, ಮಣ್ಣು ಉಬ್ಬುತ್ತೆ. ಬಿಸಿಲಿಗೆ ನೀರು ಆರಿದ್ರೆ ಪದರ ಹತ್ರ ಬರ್ತವೆ, ಮಣ್ಣು ಕುಗ್ಗುತ್ತೆ. ಕುಗ್ಗಿದಾಗ ಜಾಗ ಸಾಲದೆ ಬಾಯಿ ಬಿಡುತ್ತೆ. ಮಾರ್ಚ್, ಏಪ್ರಿಲಲ್ಲಿ ನಮ್ಮ ಹೊಲದಲ್ಲಿ ಬಿರುಕು ನೋಡಿದ್ರೆ ಭಯ ಆಗ್ಬೇಕು, ಅಂಗೈ ಇಳಿಯೋ ಅಗಲ, ಕೋಲು ಬಿಟ್ರೆ ಮೂರಡಿ ಹೋಗ್ತೈತೆ. ನಮ್ಮತ್ತೆ ಕಾಲುಂಗುರ ಒಂದು ಹಿಂಗೇ ಹತ್ತಿ ಕಡ್ಡಿ ಕೀಳೋವಾಗ ಬಿರುಕಿಗೆ ಬಿತ್ತು. ಅಗೆದ್ರು, ಬಗೆದ್ರು, ಸಿಗ್ಲಿಲ್ಲ. "ಭೂಮ್ತಾಯಿ ಕೇಳಿದ್ಲು, ಕೊಟ್ಟೆ ಬಿಡು" ಅಂದು ಎದ್ದು ಬಂದ್ರು. ಅವರು ಇರೋವರೆಗೂ ಆ ಹೊಲ ಉತ್ತಾಗೆಲ್ಲ ಒಂದ್ಸಲ ಕಣ್ಣು ಹಾಯಿಸ್ತಿದ್ರು.

ಬಿರುಕಿನೊಳಗೆ ಬರೀ ಉಂಗುರ ಬೀಳಲ್ಲ. ಗಾಳಿಗೆ, ದನ ಓಡಾಡಿದ್ದಕ್ಕೆ ಮೇಲಿನ ಪುಡಿಮಣ್ಣೂ ಒಳಗೆ ಉದುರುತ್ತೆ. ಮಳೆ ಬಂದಾಗ ಒಳಗೆ ಹೋದ ಮಣ್ಣೂ ಉಬ್ಬಿ, ಸುತ್ತಲಿನದೂ ಉಬ್ಬಿ, ಜಾಗ ಇಲ್ದೆ ಒಂದನ್ನೊಂದು ಮೇಲಕ್ಕೆ ದಬ್ಬುತ್ತೆ. ಹಿಂಗೆ ವರ್ಷ ವರ್ಷ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ. ಎರೆ ತನ್ನನ್ನ ತಾನೇ ಉಳ್ತೈತೆ ಅನ್ನೋ ಮಾತು ಇದಕ್ಕೇ ಬಂದಿರೋದು. ವಿಜ್ಞಾನದೋರು ಇಟ್ಟಿರೋ ವರ್ಟಿಸಾಲ್ ಅನ್ನೋ ಹೆಸರಿಗೂ ತಿರುಗೋ ಮಣ್ಣು ಅಂತಲೇ ಅರ್ಥ. ಕಲ್ಲು ಆರಿಸಿ ಬದುವಿಗೆ ಹಾಕಿದ್ರೂ ಮತ್ತೆ ಎರಡು ಮೂರು ವರ್ಷಕ್ಕೆ ಹೊಲದಲ್ಲಿ ಕಲ್ಲು ಕಾಣ್ಸೋದು ಯಾಕೆ ಅಂತ ಈಗ ಗೊತ್ತಾಯ್ತಾ.

ಹೊಲದಲ್ಲಿ ಬಿಳೀ ಹರಳು ಸಿಗ್ತವಲ್ಲ, ಕಡಲೆ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗೆ, ಅವು ಸುಣ್ಣದ ಹರಳು. ಒಂದನ್ನ ಕುಟ್ಟಿ ಪುಡಿ ಮಾಡಿ ಅದರ ಮೇಲೆ ನಿಂಬೆಹಣ್ಣು ಹಿಂಡಿ. ಸಣ್ಣಗೆ ನೊರೆ ಬರ್ತೈತೆ. ಮಕ್ಕಳಿಗೆ ತೋರಿಸಿದ್ರೆ ಖುಷಿ ಪಡ್ತವೆ. ಇದೇ ಸುಣ್ಣ ನೀರಿಗೂ ಇಳಿಯೋದ್ರಿಂದ ನಮ್ಮ ಬೋರಿನ ನೀರಲ್ಲಿ ಬೇಳೆ ಬೇಯಲ್ಲ, ಸ್ನಾನದ ಹಂಡೆಗೆ ಬಿಳೀ ಚಕ್ಕೆ ಕಟ್ಟುತ್ತೆ, ಸೋಪು ನೊರೆ ಬರಲ್ಲ. ಬೇಳೆ ಬೇಯ್ಲಿಲ್ಲ ಅಂತ ಸೊಸೇರನ್ನ ಬೈಯೋ ಅತ್ತೇರು ಇದನ್ನ ಎರಡು ಸಲ ಓದ್ಕೊಳ್ಳಿ.

ಇನ್ನು ಬೆಳೆ ವಿಷಯ. ಕೆಂಪು ಹೊಲಕ್ಕೆ ಸಣ್ಣ ಮಳೆ ಬಂದ್ರೂ ಸಾಕು, ರಾಗಿ, ಶೇಂಗಾ ತಲೆ ಎತ್ತುತ್ತೆ, ಎಂಟು ದಿನ ಮಳೆ ಹೋದ್ರೆ ತಲೆ ಬಗ್ಗಿಸುತ್ತೆ. ಎರೆ ತದ್ವಿರುದ್ಧ. ಸಣ್ಣ ಮಳೆ ಅದರ ಹಲ್ಲಿಗೂ ಹತ್ತಲ್ಲ, ಇರೋ ನೀರನ್ನ ಜೇಡಿನೇ ಹಿಡಿದಿಟ್ಕೊಂಡು ಬೇರಿಗೆ ಬಿಟ್ಕೊಡಲ್ಲ. ದೊಡ್ಡ ಮಳೆ ಬಂದು ಒಳಗೆ ಮೂರಡಿ ನೆನೀತು ಅಂದ್ರೆ ಮಾತ್ರ ತಿಂಗಳುಗಟ್ಲೆ ಬೆಳೆ ಸಾಕ್ತೈತೆ. ಅದಕ್ಕೇ ನಮ್ಮ ಹಿರೀಕರು ಮುಂಗಾರಲ್ಲಿ ಎರೆ ಹೊಲನ ಹರಗಿ ಸುಮ್ನೆ ಬಿಟ್ಟು, ಉತ್ತರೆ, ಹಸ್ತದ ಮಳೆ ಕುಡಿಸಿ, ಆಮೇಲೆ ಹಿಂಗಾರಿ ಜೋಳ, ಕಡಲೆ, ಕುಸುಬೆ ಬಿತ್ತಿದ್ದು. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ರೂ ಒಳಗಿನ ತೇವ, ಚಳಿಗಾಲದ ಇಬ್ಬನಿ ಇಷ್ಟರಲ್ಲೇ ಜೋಳ ತೆನೆ ಬಿಡ್ತಿತ್ತು. ಬೆಳಗಿನ ಜಾವ ಕಡಲೆ ಗಿಡದ ಮೇಲೆ ಬಿಳೀ ಬಟ್ಟೆ ಹಾಸಿ ಹುಳಿ ಹಿಡಿದು ಶೀಸೆಗೆ ಹಿಂಡಿ ಇಡ್ತಿದ್ರು, ಹೊಟ್ಟೆ ಉಬ್ಬರಕ್ಕೆ ಅಂತ. ನಮ್ಮನೆ ಅಟ್ಟದಲ್ಲಿ ಆ ಶೀಸೆ ಇವತ್ತೂ ಐತೆ, ಹುಳಿ ಇಲ್ಲ.

ಹದ ನೋಡೋದೇ ಇದರ ದೊಡ್ಡ ವಿದ್ಯೆ. ಹಸಿ ಇದ್ದಾಗ ಇಳಿದ್ರೆ ಕುಂಟೆಗೆ ಮೆತ್ತುತ್ತೆ, ಟ್ರ್ಯಾಕ್ಟರ್ ಹೂತ್ಕೊಳ್ತೈತೆ. ಒಣಗಿದ ಮೇಲೆ ಇಳಿದ್ರೆ ಕುಂಬಳಕಾಯಿ ಗಾತ್ರದ ಹೆಂಟೆ ಏಳ್ತವೆ. ನಡುವೆ ಸಿಗೋದು ಮೂರೋ ನಾಲ್ಕೋ ದಿನ. ನಮ್ಮ ಮಾವ ಹೊಲದಿಂದ ಒಂದು ಹೆಂಟೆ ತಂದು ಹೊಸಿಲ ಮೇಲಿಟ್ಟು ದಿನಾ ಬೆರಳಲ್ಲಿ ಒತ್ತಿ ನೋಡ್ತಿದ್ರು, ಪುಡಿ ಆದ ದಿನ ಕೂರಿಗೆ ಹೂಡ್ತಿದ್ರು.

ಮನೆ ಕಟ್ಟೋರಿಗೆ ಒಂದು ಮಾತು. ಎರೆ ಉಬ್ಬಿ ಕುಗ್ಗಿ ಮಾಡುತ್ತೆ ಅಂದ್ನಲ್ಲ, ಮೇಲೆ ಮನೆ ಇದೆ ಅಂತ ಅದು ಸುಮ್ನೆ ಇರಲ್ಲ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಹಿಡ್ಕೊಳ್ತೈತೆ, ಬೇಸಿಗೆಯಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತೆ. ನಮ್ಮ ಸಂಬಂಧಿಕರ ಮನೇಲಿ ಬಚ್ಚಲ ಕಡೆ ಗೋಡೆ ಮಾತ್ರ ಬಿರುಕು ಬಿಡ್ತಿತ್ತು. ವಾಸ್ತು ನೋಡಿಸಿದ್ರು, ಬಾಗಿಲು ತಿರುಗಿಸಿದ್ರು. ಕೊನೆಗೆ ಒಬ್ಬ ಗಾರೆ ಮೇಸ್ತ್ರಿ ಬಂದು ಹೇಳಿದ, ಬಚ್ಚಲ ನೀರು ಗೋಡೆ ಬುಡದಲ್ಲೇ ಇಂಗ್ತೈತೆ ಕಣಕ್ಕ, ಆ ಕಡೆ ಮಣ್ಣು ಉಬ್ಬೈತೆ, ಈ ಕಡೆ ಒಣಗಿ ಕುಗ್ಗೈತೆ, ಮನೆ ನಡುವೆ ಸಿಕ್ಕಾಕ್ಕೊಂಡೈತೆ ಅಂತ. ಪೈಪ್ ಹಾಕಿ ನೀರು ದೂರ ಬಿಟ್ರು, ಆಮೇಲೆ ಬಿರುಕು ಬೆಳೀಲಿಲ್ಲ. ಹೊಸದಾಗಿ ಕಟ್ಟೋರು ಪಾಯದ ಎರೆ ತೆಗೆಸಿ ಗಟ್ಟಿ ಗರಸು ತುಂಬಿಸಿ, ಮನೆ ಸುತ್ತ ನೀರು ಹೋಗೋ ಹಂಗೆ ಸಿಮೆಂಟ್ ಇಳಿಜಾರು ಹಾಕ್ಸಿ, ಗೋಡೆ ಪಕ್ಕ ದೊಡ್ಡ ಮರ ಬೇಡ. ದೊಡ್ಡ ಕಟ್ಟಡಕ್ಕೆ ಬುಡದಲ್ಲಿ ಗಂಟೆ ಹಂಗೆ ಅಗಲ ಮಾಡಿದ ಕಂಬ ಇಳಿಸ್ತಾರೆ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯೋರು ಇಂಥ ಮಣ್ಣಿಗೇ ಅಂತ ಕಂಡುಹಿಡಿದಿದ್ದು. ಅದು ನಮ್ಮ ಮಟ್ಟದ ಖರ್ಚಲ್ಲ.

ಈಗ ಚೌಳು. ನಾನು ಹೇಳಬೇಕು ಅಂತಿದ್ದಿದ್ದೇ ಇದನ್ನ.

ಚೌಳು ಮಣ್ಣು ಹಿಂದೆ ನಮಗೆ ಬೇಕಾದ ಮಣ್ಣೇ. ಬಟ್ಟೆ ಒಗೆಯೋಕೆ ಅಗಸರು ಅದನ್ನ ತಗೊಂಡು ಹೋಗ್ತಿದ್ರು. ಮಾಳಿಗೆ ಮನೆ ಮೇಲೆ ಹಾಸ್ತಿದ್ದುದೂ ಚೌಳೇ. ನೀರು ಬಿದ್ದ ತಕ್ಷಣ ಅದು ಕರಗಿ ಹಾಲಿನ ಕೆನೆ ಹಂಗೆ ಮುಚ್ಕೊಂಡು ಒಂದು ಹನಿ ಕೆಳಗೆ ಬಿಡ್ತಿರಲಿಲ್ಲ. ನಮ್ಮ ಹಳೇ ಮನೆ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹತ್ತು ಬುಟ್ಟಿ ಚೌಳು ಹೊತ್ತು ಹಾಕಿದೀವಿ. ಈಗ ಯೋಚನೆ ಮಾಡಿ, ಮಾಳಿಗೆ ಮೇಲೆ ನೀರು ಇಳಿಸದೆ ಇರೋದು ಅದರ ಒಳ್ಳೇ ಗುಣ. ಅದೇ ಗುಣ ಹೊಲಕ್ಕೆ ಬಂದ್ರೆ? ನೀರೂ ಇಳಿಯಲ್ಲ, ಗಾಳಿಯೂ ಇಳಿಯಲ್ಲ, ಬೇರೂ ಇಳಿಯಲ್ಲ.

ಎರೆ ಹೊಲ ಚೌಳಾಗೋದು ಹೆಂಗೆ ಅಂದ್ರೆ, ಮುಂಚೆ ಹೇಳಿದ್ನಲ್ಲ, ಕಲ್ಲಿಂದ ಇಳಿದ ಉಪ್ಪು ಸುಣ್ಣ ಎಲ್ಲ ತೊಳೆದು ಹೋಗದೆ ಈ ತಗ್ಗಲ್ಲಿ ಉಳ್ಕೊಂಡೈತೆ. ಮಳೆ ನಂಬ್ಕೊಂಡಿದ್ದಾಗ ಅದು ಆಳದಲ್ಲಿ ಮಲಗಿತ್ತು. ನಾಲೆ ಬಂತು. ಎರೆಯಲ್ಲಿ ನೀರು ಬೇಗ ಬಸಿದು ಹೋಗಲ್ಲ, ಮೇಲಿನ ಗದ್ದೆಗೆ ಬಿಟ್ಟ ನೀರು ಕೆಳಗಿನ ಹೊಲದ ಅಡಿಗೆ ಬಂದು ನಿಲ್ಲುತ್ತೆ. ನೆಲದೊಳಗಿನ ನೀರಿನ ಮಟ್ಟ ಮೇಲೆ ಬರ್ತಾ ಬರ್ತಾ ಆಳದ ಉಪ್ಪನ್ನೂ ಕರಗಿಸ್ಕೊಂಡು ಬರ್ತೈತೆ. ನಮ್ಮ ಬಿಸಿಲು ನೀರನ್ನ ಎಳ್ಕೊಂಡು ಉಪ್ಪನ್ನ ಮೇಲೆ ಬಿಟ್ಟು ಹೋಗ್ತೈತೆ. ಉಪ್ಪು ತುಂಬಿದ ಮಡಕೆಯ ಹೊರಮೈಗೆ ಬಿಳೀ ಹೂವು ಬರ್ತದಲ್ಲ, ಅದೇ ಲೆಕ್ಕ. ಆ ಉಪ್ಪಲ್ಲಿ ಸೋಡಾ ಅಂಶ ಜಾಸ್ತಿ ಆದ್ರೆ ಇನ್ನೂ ಕಷ್ಟ. ಜೇಡಿಯ ಪದರಗಳನ್ನ ಹಿಡಿದಿಟ್ಟಿರೋ ಸುಣ್ಣದ ಜಾಗದಲ್ಲಿ ಸೋಡಾ ಕೂತು ಮಣ್ಣಿನ ಕಟ್ಟೇ ಒಡೆದು ಹೋಗ್ತೈತೆ. ಹಸಿ ಇದ್ರೆ ಸೋಪಿನ ಹಂಗೆ ಜಾರುತ್ತೆ, ಒಣಗಿದ್ರೆ ಕಲ್ಲು.

ನಮ್ಮ ನಾಲ್ಕೆಕರೆಯ ಕೆಳಗಿನ ಮೂಲೆ ಹಿಂಗೇ ಆಗಿದ್ದು. ನಾನು ಮದುವೆಯಾಗಿ ಬಂದಾಗ ಅಲ್ಲಿ ಆಳೆತ್ತರ ಜೋಳ. ಆಮೇಲೆ ಸುತ್ತಲೂ ಕಬ್ಬು, ಭತ್ತ ಹಾಕೋರು ಜಾಸ್ತಿ ಆದ್ರು. ಆ ಮೂಲೇಲಿ ಮೊದಲು ಗಿಡ ಹಳದಿ ಆಯ್ತು, ಆಮೇಲೆ ಬೀಜ ಅಲ್ಲಲ್ಲಿ ಹುಟ್ಟಲಿಲ್ಲ, ಆಮೇಲೆ ಬಿಳೀ ಹೂವು ಕಾಣ್ತು. ಹತ್ತು ಹದಿನೈದು ವರ್ಷ ಹಿಡೀತು ಇಷ್ಟಾಗೋಕೆ, ಅದಕ್ಕೇ ಯಾರಿಗೂ ಗಾಬರಿ ಆಗ್ಲಿಲ್ಲ. ಬರ ಬಂದಾಗ ನಮಗೆಲ್ಲ ಗಾಬರಿ. 2016ರಿಂದ 2018ರವರೆಗೆ ಡ್ಯಾಂ ತಳ ಕಂಡು, ಬೋರು ಬತ್ತಿ, ಹಿರಿಯೂರು ಸುತ್ತ ತೆಂಗಿನ ತೋಟ ಸುಳಿ ಬಿದ್ದು ಕಂಬ ನಿಂತಂಗೆ ನಿಂತಿದ್ವು, ಅತ್ತಿದೀವಿ. ಆದ್ರೆ ಆ ಮೂರು ವರ್ಷದಲ್ಲಿ ಮೇಲಿನ ಎರೆ ಹೊಲ ಕೆಟ್ಟಿರಲಿಲ್ಲ. ಬಾಯಿ ಬಿಟ್ಕೊಂಡು ಕಾಯ್ತಿತ್ತು, ಮಳೆ ಬಂದ ವರ್ಷ ಕಡಲೆ ಕೊಡ್ತು. ಚೌಳಾದ ಮೂಲೆ ಡ್ಯಾಂ ತುಂಬಿದ್ರೂ ಏನೂ ಕೊಡ್ಲಿಲ್ಲ. ಬರಕ್ಕೆ ತಡ್ಕೊಂಡ ಮಣ್ಣು ನೀರಿಗೆ ಕೆಟ್ಟಿದ್ದನ್ನ ನಮ್ಮ ಹೊಲದಲ್ಲೇ ನೋಡಿದೀನಿ, ಅದಕ್ಕೇ ಈ ಸಲ ನಾನೂ ಕೂತು ಮಾತಾಡಿದೆ.

1933ರಲ್ಲಿ ಒಂದ್ಸಲ ಕೋಡಿ ಬಿದ್ದಿದ್ದ ಡ್ಯಾಂ 89 ವರ್ಷ ಆದ್ಮೇಲೆ 2022ರಲ್ಲಿ ಬಿತ್ತು. ನಾವೆಲ್ಲ ಬುತ್ತಿ ಕಟ್ಕೊಂಡು ನೋಡೋಕೆ ಹೋಗಿದ್ವಲ್ಲ, ಆ ಜನ! 2025ರ ಜನವರಿಯಲ್ಲಿ ಮತ್ತೆ ಕೋಡಿ. ಭದ್ರಾ ನೀರೂ ಬರೋಕೆ ಶುರುವಾಗೈತೆ. ಖುಷಿ ಯಾರಿಗಿಲ್ಲ. ಆದ್ರೆ ಅಂಟು ಜೇಡಿ, ಸುಣ್ಣದ ನೆಲ, ಉಪ್ಪಿನ ನೆಲ ಈ ಮೂರೂ ಅಡಿಕೆಗೆ ಆಗಿಬರಲ್ಲ ಅಂತ ತೋಟಗಾರಿಕೆ ಪುಸ್ತಕದಲ್ಲೇ ಬರೆದಿರ್ತಾರೆ. ನಮ್ಮ ಹುಡುಗರು ಅದಕ್ಕೆ ಕೆಂಪು ಮಣ್ಣು ಹೊಡಿಸ್ತಾರೆ. ಗುಡ್ಡದ ಬುಡ ಬಗೆದು ಟಿಪ್ಪರ್ ಟಿಪ್ಪರ್ ಮಣ್ಣು ತಂದು ಎರೆ ಮೇಲೆ ಒಂದಡಿ ಹರವೋದು. ಬೇರು ಆ ಒಂದಡಿ ದಾಟಿದ ಮೇಲೆ ಏನು ಮಾಡ್ತೀಯಪ್ಪ ಅಂದ್ರೆ "ದೊಡ್ಡಮ್ಮ, ಎಲ್ರೂ ಹಾಕಿದಾರೆ" ಅಂದ. ಹಾಕಿ ಚೆನ್ನಾಗಿ ಬಂದಿರೋರೂ ಇದಾರೆ, ಇಲ್ಲ ಅನ್ನಲ್ಲ. ಅವರದು ಮೇಲಿನ ಮಸಾರಿ, ನೀರು ಬಸಿಯೋ ನೆಲ. ನಮ್ಮದು ನಾಲೆ ಕೆಳಗಿನ ತಗ್ಗು.

ಜಗಳ ಬೇಡ, ಮಣ್ಣನ್ನೇ ಕೇಳೋಣ ಅಂದೆ. ಓರಗಿತ್ತಿ ನಾನು ಇಬ್ರೂ ಸೇರಿ ಮೂರು ಕಡೆಯಿಂದ ಮಣ್ಣು ತೆಗೆಸಿ ಪರೀಕ್ಷೆಗೆ ಕೊಟ್ವಿ. ರಸಸಾರ ಅಂತ ಬರೀತಾರಲ್ಲ, ಏಳು ಅಂದ್ರೆ ಹುಳಿಯೂ ಇಲ್ಲ ಕ್ಷಾರವೂ ಇಲ್ಲ. ನಮ್ಮ ಮೇಲಿನ ಎಕರೆ 8.2 ಬಂತು, ನಡುವಿನದು 8.6, ಮೂಲೆ 9.3. ಎಂಟೂವರೆ ದಾಟಿತು ಅಂದ್ರೆ ಸೋಡಾ ಕಡೆ ವಾಲ್ತಿದೆ ಅಂತ ಅರ್ಥ. ಸತುವೂ ಕಡಿಮೆ. ಸುಣ್ಣದ ಮಣ್ಣಲ್ಲಿ ಸತು, ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ, ಹಂಗಾಗಿ ಎಲೆಯ ನರ ಹಸಿರಿದ್ದು ನಡುವೆ ಹಳದಿ ಆಗೋದು. ಅದಕ್ಕೆ ಯೂರಿಯಾ ಸುರಿದ್ರೆ ಪ್ರಯೋಜನ ಇಲ್ಲ.

ಹುಡುಗ ಕಾಗದ ನೋಡಿ ಒಂದು ವಾರ ಮಾತಾಡ್ಲಿಲ್ಲ. ಆಮೇಲೆ ಅವನೇ ಫಾರಂ ಕಡೆ ಹೋಗಿ ಕೇಳ್ಕೊಂಡು ಬಂದ. ಈಗ ಮಾಡಿರೋ ಏರ್ಪಾಡು ಇಷ್ಟು. ಮೊದಲು ಹೊಲದ ಕೆಳಗಿನ ಅಂಚಿಗೆ ಆಳವಾಗಿ ಬಸಿಗಾಲುವೆ. ಅದಾಗದೆ ಬೇರೆ ಏನು ಹಾಕಿದ್ರೂ ದಂಡ. ಆಮೇಲೆ ಮೂಲೆಗೆ ಜಿಪ್ಸಂ, ಅದರ ಸುಣ್ಣ ಸೋಡಾವನ್ನ ಜಾಗ ಬಿಡಿಸುತ್ತೆ, ಬಿಟ್ಟ ಸೋಡಾ ಮಳೆ ನೀರಲ್ಲಿ ಕಾಲುವೆಗೆ ಬಸೀಬೇಕು. ಮುಂಗಾರಿಗೆ ಡಯಾಂಚ ಬಿತ್ತಿ ಹೂವಿಗೆ ಮುಂಚೆ ಉತ್ತು ಮಣ್ಣಿಗೆ ಸೇರಿಸೋದು. ಮೇಲಿನ ಒಂದೆಕರೆಯಲ್ಲಿ ಏರುಮಡಿ ಮಾಡಿ ಡ್ರಿಪ್ ಹಾಕಿ ಅಡಿಕೆ, ಅವನ ಆಸೆಗೆ. ನಡುವಿನ ಎರಡೆಕರೆ ಜೋಳ ಕಡಲೆಗೇ ಇರಲಿ, ನಾಲೆ ನೀರು ಬೇಡ ಅಂತ ಆಗೈತೆ. ಕಾಲುವೆ ಅಗೆಯೋಕೆ ಜೆಸಿಬಿ ಬಂದು ಹೋಯ್ತು. ಮೂಲೆ ಸರಿ ಹೋಗೋಕೆ ಮೂರು ವರ್ಷ ಅಂತಾರೆ, ಐದೂ ಆಗಬಹುದು. ಓರಗಿತ್ತಿ ಸರ ಸದ್ಯಕ್ಕೆ ಕೊರಳಲ್ಲೇ ಐತೆ.

ನಿಮ್ಮ ಮನೇಲೂ ಇದೇ ಮಾತು ನಡೀತಿದ್ರೆ ಸಸಿಗೆ ಮುಂಗಡ ಕೊಡೋಕೆ ಮುಂಚೆ ಮಣ್ಣು ತೆಗೀರಿ. ಬೇಸಿಗೆಯಲ್ಲಿ, ಗೊಬ್ಬರ ಹಾಕದೆ ಇರೋವಾಗ. ಬದುವಿನ ಹತ್ರ, ತಿಪ್ಪೆ ಹತ್ರ, ಮರದ ಬುಡದಲ್ಲಿ ಬೇಡ. ಹೊಲದಲ್ಲಿ ಸೊಟ್ಟಸೊಟ್ಟ ನಡೀತಾ ಎಂಟು ಹತ್ತು ಕಡೆ ಗೇಣುದ್ದ ಗುಂಡಿ ತೋಡಿ, ಗುಂಡಿಯ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೀರಿ. ತೋಟ ಮಾಡೋದಾದ್ರೆ ಒಂದಡಿ, ಎರಡಡಿ, ಮೂರಡಿ ಆಳದ್ದನ್ನೂ ಬೇರೆ ಬೇರೆ ತೆಗೀಬೇಕು, ಚೌಳು ಎಷ್ಟೋ ಸಲ ಕೆಳಗೆ ಬಚ್ಚಿಟ್ಕೊಂಡಿರ್ತೈತೆ. ಬಿಳೀ ಹೂವು ಬಂದ ಜಾಗದ್ದನ್ನ ಒಳ್ಳೇ ಜಾಗದ್ದಕ್ಕೆ ಸೇರಿಸಬೇಡಿ. ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಅವಲಕ್ಕಿ ಹರವಿದಂಗೆ ಹರವಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟುಬಿಡಿ, ಹಿಂಗೆ ಅರ್ಧ ಕೆ.ಜಿ. ಉಳಿಯೋವರೆಗೆ. ಗೊಬ್ಬರದ ಚೀಲಕ್ಕೆ ತುಂಬಬೇಡಿ, ಲೆಕ್ಕ ತಪ್ಪುತ್ತೆ. ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ ಚೀಟಿಯಲ್ಲಿ ಬರೆದು ಒಳಗಿಡಿ. ಜರಡಿ ಹಿಡಿಯೋಕೆ ಹಳೇ ಜರಡಿ ಕೊಡಿ, ಹಿಟ್ಟಿನ ಜರಡಿ ಕೊಟ್ಟು ಆಮೇಲೆ ನನ್ನ ಬೈಬೇಡಿ.